ಗುಡ್ಡೆ ಪಿಚ್ಚರ್, ಮಟ್ಟ ಪಿಚ್ಚರ್

ಬಸ್ ಚಾರ್ಜು ಏರಿಸಿದಾಗ ಕುಣಿಗಲ್ ರಸ್ತೆಗೆ ಅಡ್ಡ ಮಲಗಿದವನು ನಾನು. ರೈತರಿಂದ ಸರ್ಕಾರ ಧಾನ್ಯ ಕಸಿಯುವ ಲೆವಿ ವಸೂಲಿ ವಿರುದ್ಧ ತಾಲ್ಲೂಕು ಕಚೇರಿ ಬಾಗಿಲಲ್ಲಿ ಹನ್ನೊಂದು ದಿನ ಧರಣಿ ಕೂತವನು. ಅವತ್ತು ನಮ್ಮನ್ನು ದಾಟಿಕೊಂಡು ಒಳಗೆ ಹೋದ ಗುಮಾಸ್ತನಿಗೆ, 'ಧರಣಿ ಕೂತವರನ್ನು ದಾಟಿ ಹೋದವನು ಮನುಷ್ಯನೇ ಅಲ್ಲ ಕಣಯ್ಯಾ' ಅಂತ ಮುಖಕ್ಕೇ ಹೇಳಿದ್ದೆ. ಲಾಠಿ ಏಟಿನ ಗುರುತು ಇವತ್ತಿಗೂ ಬೆನ್ನ ಮೇಲಿದೆ. ಕೇಳಿದವರಿಗೆ ಅಂಗಿ ಎತ್ತಿ ತೋರಿಸುತ್ತೇನೆ (ಕೇಳದವರಿಗೂ). ಇಂಥ ನನ್ನನ್ನು ಸೋಲಿಸಲು ಸರ್ಕಾರದ ಕೈಲಿ ಆಗಲಿಲ್ಲ. ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮ ಒಂದು ಗುಡ್ಡೆ ಮರಳಲ್ಲಿ ಸೋಲಿಸಿಬಿಟ್ಟಳು.

ಎಪ್ಪತ್ತೊಂಬತ್ತನೇ ಇಸವಿ. ಎಮರ್ಜೆನ್ಸಿ ಮುಗಿದು, ಜೊತೆಗೆ ಜೈಲಲ್ಲಿ ಮುದ್ದೆ ಮುರಿದವರೆಲ್ಲ ಬಿಳಿ ಅಂಗಿ ಹೊಲಿಸಿಕೊಂಡು ಓಡಾಡುತ್ತಿದ್ದರು. ನನಗೆ ಮಾತ್ರ ಧಿಕ್ಕಾರ ಕೂಗಲು ಏನೂ ಸಿಗದೆ ಗಂಟಲು ತುಕ್ಕು ಹಿಡಿದಿತ್ತು. ತುಮಕೂರಲ್ಲಿ ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಿದ್ದ ಹಳೇ ಸಂಗಾತಿ ವೀರಭದ್ರಯ್ಯ ಕರೆದು ಹೇಳಿದ:

"ನಿಂಗೆ ಬೈಯೋದು ಬಿಟ್ರೆ ಬೇರೆ ಕಸುಬು ಗೊತ್ತಿಲ್ಲ. ಪಿಚ್ಚರ್ ನೋಡಿ ಬರಿ. ನೂರಕ್ಕೆ ಇಷ್ಟು ಅಂತ ಮಾರ್ಕು ಹಾಕು."

ಹಾಕಿದೆ. ಸಾಲಾಗಿ ಒಂಬತ್ತು ಪಿಚ್ಚರ್ ಫೇಲು ಮಾಡಿದೆ. ಬಡವರ ಹುಡುಗಿ ರೇಷ್ಮೆ ಸೀರೆ ಉಟ್ಟು ಸಗಣಿ ಬಾಚಿದರೆ ಹತ್ತು ಮಾರ್ಕು ಕಟ್. ಜಮೀನ್ದಾರ ಕೊನೇ ರೀಲಲ್ಲಿ ಒಳ್ಳೆಯವನಾದರೆ ಇಪ್ಪತ್ತು ಕಟ್. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಜನ ನನ್ನ ಮಾರ್ಕು ಓದಿಕೊಂಡು ಇಡ್ಲಿ ತಿನ್ನುತ್ತಿದ್ದರು ಅಂದರೆ ನೀವು ನಂಬಬೇಕು.

ನಂಬದೆ ಇದ್ದದ್ದು ನಮ್ಮ ಬೀದಿ ಒಂದೇ. ತುಮಕೂರಿನ ನಮ್ಮ ಸದಾಶಿವನಗರದ ನಲ್ಲಿ ಹತ್ತಿರ ನಡೆಯುತ್ತಿದ್ದದ್ದು ಸಿದ್ದಲಕ್ಷ್ಮಮ್ಮನ ಮಾರ್ಕು. ಅವಳು ಗುಬ್ಬಿಯವಳು, ಟೆಂಟಿನಲ್ಲಿ ನೆಲದ ಮೇಲೆ ಕೂತು ಪಿಚ್ಚರ್ ನೋಡಿ ಬೆಳೆದವಳು. ಟೆಂಟಿನಲ್ಲಿ ನೆಲ ಅಂದರೆ ಮರಳು. ಪಿಚ್ಚರ್ ಚೆನ್ನಾಗಿದ್ದರೆ ಮುಂದಿನವರ ತಲೆ ಅಡ್ಡ ಬಾರದ ಹಾಗೆ ಮರಳು ಬಳಿದು ಗುಡ್ಡೆ ಮಾಡಿಕೊಂಡು ಮೇಲೆ ಕೂರುವುದು. ಚೆನ್ನಾಗಿಲ್ಲದಿದ್ದರೆ ಗುಡ್ಡೆ ಮಟ್ಟ ಮಾಡಿ ಮಲಗುವುದು. ಹಾಗಾಗಿ ಅವಳ ಲೆಕ್ಕದಲ್ಲಿ ಪಿಚ್ಚರ್ ಎರಡೇ ಜಾತಿ: ಗುಡ್ಡೆ, ಮಟ್ಟ. ಕುರ್ಚಿ ಇರುವ ಥಿಯೇಟರಿನ ಪಿಚ್ಚರಿಗೂ ಅದೇ ತೀರ್ಪು.

"ಅದೂ ಒಂದು ವಿಮರ್ಶೆಯೇನೇ?" ಅಂತ ನಾನು.

"ಕೈ ಸುಳ್ಳು ಹೇಳಲ್ಲ ಕಣ್ರೀ. ಪಿಚ್ಚರ್ ಹಿಡಿಸಿದ್ರೆ ನಮಗೆ ಗೊತ್ತಿಲ್ದಂಗೇ ಮರಳು ಬಳೀತದೆ. ನಿಮ್ ಥರ ಬುಕ್ಕು ಪೆನ್ನು ಇಟ್ಕೊಂಡು ಕೂತ್ರೆ ಪಿಚ್ಚರ್ ಯಾರು ನೋಡ್ತಾರೆ?"

ಒಂದು ಶನಿವಾರ ಅವಳ ತವರಿಗೆ ಹೋದಾಗ ಗುಬ್ಬಿ ಟೆಂಟಿಗೆ, ನಾನು ನೋಡಿರದ ಒಂದು ಹಳೇ ಪಿಚ್ಚರಿನ ಮೊದಲನೇ ಆಟಕ್ಕೆ ಹೋದೆವು. ಅವಳು ಹೆಂಗಸರ ಕಡೆ ಮರಳಿನ ಮೇಲೆ, ನಾನು ಗಂಡಸರ ಕಡೆ ಕುರ್ಚಿಯ ಮೇಲೆ. ಪಿಚ್ಚರ್ ಶುರುವಾಗಿ ಮುಕ್ಕಾಲು ಗಂಟೆಗೆ ನನ್ನ ಪೆನ್ನು ನಿಂತುಹೋಯಿತು. ಈಗ ತಾನೇ ಪ್ರೀತಿ ಮಾಡುತ್ತಿದ್ದ ಹುಡುಗಿ ಬಿಳಿ ಸೀರೆಯಲ್ಲಿ ನಿಂತಿದ್ದಾಳೆ. ಗೋಡೆಯಲ್ಲಿ ಅವಳ ಅಪ್ಪನ ಫೋಟೋ, ಅದಕ್ಕೆ ಹಾರ. ಇಪ್ಪತ್ತು ನಿಮಿಷ ಬಿಟ್ಟು ಅದೇ ಅಪ್ಪ ಎದ್ದು ಬಂದು ಅದೇ ಮಗಳನ್ನು ಧಾರೆ ಎರೆದುಕೊಡುತ್ತಿದ್ದಾನೆ! ಜನ ಶಿಳ್ಳೆ ಹೊಡೆದರು. ಕುರ್ಚಿ ಗುದ್ದಿದರು. ನನ್ನ ಕಣ್ಣಲ್ಲಿ ನೀರು ಬಂತು. ಸಾವು ಮೊದಲು, ಮದುವೆ ಆಮೇಲೆ! ಕಾಲವೆಂಬ ಸರ್ವಾಧಿಕಾರಿಯ ವಿರುದ್ಧವೇ ಒಬ್ಬ ಕನ್ನಡದ ನಿರ್ದೇಶಕ ಸತ್ಯಾಗ್ರಹ ಹೂಡಿದ್ದ.

ಬೆಳಗ್ಗೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಲಕ್ಷ್ಮಮ್ಮ ಬಾಯಿ ತೆಗೆದಳು. "ರೀ, ನಿನ್ನೆ ಪಿಚ್ಚರಲ್ಲಿ..."

"ಸುಮ್ನಿರು, ಯೋಚನೆ ಮಾಡ್ತಾ ಇದೀನಿ."

ಬಸ್ಸಿನಲ್ಲಿ ಮತ್ತೆ, "ಅಲ್ಲಾ, ಆ ಟೆಂಟ್ನೋನು..."

"ನಿಂಗೆ ಹೊಸ ಅಲೆ ಪಿಚ್ಚರ್ ಅರ್ಥ ಆಗಲ್ಲ ಕಣೇ."

ಮನೆ ಬೀಗ ತೆಗೆಯುವಾಗ ಮೂರನೇ ಸಲ ಶುರು ಮಾಡಿ, ನನ್ನ ಮುಖ ನೋಡಿ, "ಬುಡಿ ಅತ್ಲಾಗೆ, ನಿಮ್ಮ ಹಣೇಬರ. ನಂದು ಮಟ್ಟ, ಅಷ್ಟೆಯ" ಅಂದು ಒಳಗೆ ಹೋದಳು.

ನಾನು ತೊಂಬತ್ತೆಂಟು ಹಾಕಿದೆ. 'ಗುಬ್ಬಿಯ ಸಾಮಾನ್ಯ ರೈತ ಈ ಕ್ರಾಂತಿಕಾರಿ ತಂತ್ರವನ್ನು ಶಿಳ್ಳೆ ಹೊಡೆದು ಸ್ವಾಗತಿಸಿದ' ಅಂತಲೂ ಬರೆದೆ. ಅದೃಷ್ಟಕ್ಕೆ ಅದೇ ವಾರ ಆ ಹಳೇ ಪಿಚ್ಚರ್ ತುಮಕೂರಿಗೂ ಮತ್ತೆ ಬಂತು. ಪತ್ರಿಕೆ ಹಿಡಿದು ನಲ್ಲಿ ಹತ್ತಿರ ಹೋಗಿ ಹೆಂಗಸರೆಲ್ಲರ ಮುಂದೆ ಘೋಷಿಸಿದೆ: "ನೀವೇ ನೋಡ್ಕೊಂಡು ಬನ್ನಿ. ನನ್ನ ಮಾರ್ಕು ಸುಳ್ಳಾದ್ರೆ ಪೆನ್ನು ಇವಳ ಕೈಗೆ. ಇವಳು ಹೇಳಿದ್ದೇ ಅಚ್ಚಾಗುತ್ತೆ."

"ಮಾತು ಮಾತೇ ತಾನೇ ಯಜಮಾನ್ರೇ?" ಅಂದಳು ಎದುರು ಮನೆ ರಂಗಲಕ್ಷ್ಮಮ್ಮ.

"ಜೈಲಿಗೆ ಹೋಗಿ ಬಂದವನ ಮಾತಮ್ಮ."

ಭಾನುವಾರ ಮ್ಯಾಟ್ನಿಗೆ ಹನ್ನೆರಡು ಜನ ಹೆಂಗಸರು ಸಿದ್ದಲಕ್ಷ್ಮಮ್ಮನನ್ನೂ ಕರೆದುಕೊಂಡು ಹೋದರು. ಸಾಯಂಕಾಲ ಬಂದವರ ಮುಖ ನೋಡಿದರೆ ತಿಥಿ ಊಟ ಮುಗಿಸಿ ಬಂದ ಹಾಗಿತ್ತು.

"ಏನ್ ಸಾಮಿ ನಿಮ್ಮ ಕ್ರಾಂತಿ? ಹುಡುಗಿ ಮದುವೆ ಆದ್ಲು, ಅಪ್ಪ ಸತ್ತ, ಗಂಡ ಸತ್ತ, ಅತ್ಲು, ಶುಭಂ. ಎಲ್ಲ ಪಿಚ್ಚರಂಗೇ ಅದೂವೆ!"

"ಮದುವೆ ಮೊದಲಾ?"

"ಇನ್ಯಾವಾಗ ಆಗ್ತಾರೆ, ಸತ್ತ ಮೇಲಾ?"

ಆಗ ಸಿದ್ದಲಕ್ಷ್ಮಮ್ಮ ನಿಧಾನವಾಗಿ ಹೇಳಿದಳು. "ಗುಬ್ಬೀಲಿ ಅವತ್ತು ರೀಲಿನ ಡಬ್ಬ ಅದಲುಬದಲಾಗಿದ್ವು. ಜನ ಶಿಳ್ಳೆ ಹೊಡೆದಿದ್ದು ಅದಕ್ಕೇಯ. ಮಷೀನ್ ನಡೆಸೋನು ಕಿಂಡೀಲಿ ತಲೆ ಹಾಕಿ, ತಪ್ಪಾಯ್ತು ಕಣ್ರವ್ವಾ, ಇದಾದ ಮೇಲೆ ಆ ಡಬ್ಬ ಹಾಕ್ತೀನಿ ಅಂತ ನಮ್ ಕಡೆಗೆ ಕೂಗಿ ಹೇಳ್ದ. ಮೂರು ಸಲ ಹೇಳಕ್ಕೆ ಬಂದೆ. ಕೇಳಿದ್ರಾ?"

ಇಲ್ಲಿ ಮರ್ಯಾದಸ್ಥನಾದವನು ಪೆನ್ನು ಕೊಡುತ್ತಿದ್ದ. ಆದರೆ ನಾನು ಪೊಲೀಸರಿಗೇ ತಪ್ಪೊಪ್ಪಿಗೆ ಬರೆದುಕೊಡದವನು. ಎದೆ ಉಬ್ಬಿಸಿ ಹೇಳಿದೆ: "ಗುಬ್ಬಿಯವನು ಹಾಕಿದ್ದೇ ಸರಿ. ಡಬ್ಬ ಅದಲುಬದಲು ಮಾಡಿರೋನು ತುಮಕೂರಿನವನು!"

ಯಾರೂ ನಗಲಿಲ್ಲ. ಅದು ಕೆಟ್ಟ ಲಕ್ಷಣ.

ಮಾರನೇ ಬೆಳಗ್ಗೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ನನ್ನ ಮನೆ ಹೊಸ್ತಿಲಿಂದ ಗೇಟಿನವರೆಗೆ ಹನ್ನೆರಡು ಜನ ಹೆಂಗಸರು ಕೂತಿದ್ದರು. ಹೊಸ್ತಿಲ ಮೇಲೆ, ಮಧ್ಯದಲ್ಲಿ, ನನ್ನ ಹೆಂಡತಿ. ನನ್ನದೇ ಹಳೇ ರಟ್ಟಿನ ಬೋರ್ಡಿನ ಹಿಂಬದಿಯಲ್ಲಿ ಇದ್ದಿಲಲ್ಲಿ ಬರೆದಿದ್ದರು: 'ಕೊಟ್ಟ ಮಾತು ಉಳಿಸಿ, ಪೆನ್ನು ಇಳಿಸಿ.' ರಂಗಲಕ್ಷ್ಮಮ್ಮ "ಸುಳ್ಳು ಮಾರ್ಕಿಗೆ" ಅಂದರೆ ಉಳಿದವರು "ಧಿಕ್ಕಾರ!" ಅನ್ನುತ್ತಿದ್ದರು. ಕೂಗುವ ವರಸೆ ಎಲ್ಲಿ ಕಲಿತರೋ ಅಂದುಕೊಂಡೆ. ಇಪ್ಪತ್ತು ವರ್ಷದಿಂದ ಬಚ್ಚಲಲ್ಲಿ ನಾನು ಅಭ್ಯಾಸ ಮಾಡುತ್ತಿದ್ದದ್ದು ಬೀದಿಗೆಲ್ಲ ಕೇಳಿಸುತ್ತಿತ್ತಂತೆ.

"ಲೇ, ಹಾಲು ಒಡೆದುಹೋಗುತ್ತೆ, ದಾರಿ ಬಿಡು."

"ದಾಟ್ಕೊಂಡು ಬನ್ನಿ. ಧರಣಿ ದಾಟಿದೋನು ಏನು ಅಂದಿದ್ರಿ ಆ ಗುಮಾಸ್ತಂಗೆ?"

ಒಳಗೆ ಒಗ್ಗರಣೆ ಅವರೆಕಾಳಿನ ವಾಸನೆ. ಹೊರಗೆ ನನ್ನ ಸಿದ್ಧಾಂತ. ಪಕ್ಕದಲ್ಲಿ ಹೊಸ ಮನೆ ಕಟ್ಟಲು ಲಾರಿಯಿಂದ ಸುರಿದ ಮರಳು ಹರಡಿತ್ತು. ಹಾಲಿನ ಚೊಂಬು ಬಗಲಲ್ಲಿಟ್ಟುಕೊಂಡು ಅದರ ಮೇಲೆ ಕೂತೆ. ದಣಿಯಲಿ, ತಾವಾಗೇ ಏಳುತ್ತಾರೆ ಅಂತ. ಇಂಥ ಎಷ್ಟು ಧರಣಿ ನೋಡಿಲ್ಲ?

ಆದರೆ ಇಂಥದ್ದನ್ನು ನೋಡಿರಲಿಲ್ಲ. ಎಂಟು ಗಂಟೆಗೆ ಒಂದು ಸರದಿ ಎದ್ದು ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಂತು, ಇನ್ನೊಂದು ಸರದಿ ನಲ್ಲಿಗೆ ಹೋಗಿ ನೀರು ಹಿಡಿದು ಬಂತು. ಘೋಷಣೆ ಒಂದು ನಿಮಿಷ ನಿಲ್ಲಲಿಲ್ಲ. ನಮ್ಮ ಹನ್ನೊಂದು ದಿನದ ಧರಣಿ ಇಷ್ಟು ಶಿಸ್ತಾಗಿದ್ದಿದ್ದರೆ ಲೆವಿ ಮೂರೇ ದಿನಕ್ಕೆ ರದ್ದಾಗುತ್ತಿತ್ತು. ಸಿದ್ದಲಕ್ಷ್ಮಮ್ಮ ಭಾಷಣಕ್ಕೆ ಎದ್ದಳು. ಮುಂದಿದ್ದವಳ ತಲೆ ಅಡ್ಡ ಬಂತು. ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಆಗ ರಂಗಲಕ್ಷ್ಮಮ್ಮ ನನ್ನ ಕಡೆ ಕೈ ತೋರಿಸಿ ಕಿರುಚಿದಳು.

"ಅಕ್ಕಾ! ನೋಡ್ರಕ್ಕಾ! ಯಜಮಾನ್ರು ಗುಡ್ಡೆ ಹಾಕ್ಕೊಂಡವ್ರೆ!"

ಬಗ್ಗಿ ನೋಡಿಕೊಂಡೆ. ಎರಡೂ ಕೈಲಿ ಮರಳು. ಕೂತಿದ್ದ ಜಾಗ ಮೊಣಕಾಲುದ್ದ ಎತ್ತರವಾಗಿತ್ತು.

ಎದ್ದು, ಪಂಚೆ ಕೊಡವಿ, ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟೆ.