ಲಿಮೂ ಊರಿನ ಸೀಸೆ

ಮಕ್ಕಳೇ, ಸತ್ಯವಂತರ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಅವರು ಸುಳ್ಳು ಹೇಳುವುದಿಲ್ಲವಾದ್ದರಿಂದ ಮನೆಗೆ ಬೇಕಾದ ಸುಳ್ಳನ್ನೆಲ್ಲ ನಾವೇ ಹೇಳಬೇಕಾಗುತ್ತದೆ. ನಾನು ಹೇಳಿದ ಒಂದನ್ನು ಇಲ್ಲಿ ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ಈಗಲೂ ನಾಚಿಕೆ.

ಜಯನಗರದಲ್ಲಿ ಆಗಷ್ಟೇ ಮನೆಗಳು ಏಳುತ್ತಿದ್ದ ಕಾಲ. ನಿಮ್ಮ ತಾತನ ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ಫ್ರಾನ್ಸಿನ ಎಂಜಿನಿಯರ್ ಒಬ್ಬ ಬಂದಿದ್ದ. ಭಾನುವಾರ ನಮ್ಮಲ್ಲೇ ಊಟ. ನಾನು ಬಾಗಿಲ ಮರೆಯಿಂದಲೇ ತಟ್ಟೆ ಚಾಚುತ್ತಿದ್ದೆ. ಆರು ತಿಂಗಳಲ್ಲಿ ಅವನು ನನ್ನ ಬಳೆಯ ಸದ್ದು ಕೇಳಿದ್ದನೇ ಹೊರತು ಮುಖ ನೋಡಿರಲಿಲ್ಲ. ರಜೆಗೆ ಹೋಗಿ ಬಂದವನು ಒಂದು ದಪ್ಪ ಸೀಸೆ ತಂದ. ಅವನೂರು ಲಿಮೂ ಅಂತೆ, ದಕ್ಷಿಣದ ಬೆಟ್ಟಗಳ ಕಡೆ. ಅಲ್ಲಿನ ವೈನ್ ಸೀಸೆಯೊಳಗೇ ಇನ್ನೊಮ್ಮೆ ಹುದುಗಿ ನೊರೆ ಕಟ್ಟುತ್ತದಂತೆ. ಷಾಂಪೇನಿಗಿಂತ ಮೊದಲೇ ತಮ್ಮ ಕಡೆಯ ಮಠದ ಸನ್ಯಾಸಿಗಳು ಇದನ್ನು ಕಂಡುಕೊಂಡರು, ಹೆಸರು ಮಾತ್ರ ಬೇರೆಯವರು ಹೊಡೆದುಕೊಂಡರು ಎಂದು ಅವನಿಗೆ ಸಂಕಟ. ಮಗನಿಗೆ ಅನ್ನ ಹಾಕಿದ ಹೆಂಗಸಿಗೆಂದು ಅವನ ತಾಯಿಯೇ ಕಳಿಸಿದ್ದರು.

"ನಿಂಗೇ ಅಂತೆ ಕಣೇ. ಮಠದೋರು ಕಂಡ್ಹಿಡಿದಿದ್ದು, ಮೈಲಿಗೆ ಏನಿರತ್ತೆ?" ಎಂದು ನಕ್ಕು ತಾತ ಅದನ್ನು ಬೀರುವಿನಲ್ಲಿಟ್ಟರು.

ನನಗೆ ನಗು ಬರಲಿಲ್ಲ. ಮರುದಿನ ರಾತ್ರಿಗೆ ಅತ್ತೆ ಊರಿಂದ ಬರುವವರಿದ್ದರು. ಅವರು ಬೀರು ತೆಗೆಯದೆ ಇರುವುದುಂಟೆ? ಬೆಳಿಗ್ಗೆ ತಾತ ಕೆಲಸಕ್ಕೆ ಹೋದ ಮೇಲೆ, ಸುರಿದುಬಿಡೋಣವೆಂದು ಸೀಸೆಯನ್ನು ಬಚ್ಚಲಿಗೆ ಒಯ್ದೆ. ಗೋಲಿ ಸೋಡಾ ಒತ್ತಿದ ಧೈರ್ಯದಲ್ಲಿ ತಂತಿ ಬಿಚ್ಚಿದೆ. ಬಿರಡೆ ಹಾರಿ ಹಂಡೆಗೆ ಠಣ್ಣೆಂದು ಬಡಿಯಿತು. ನೊರೆ ಮೊಣಕೈವರೆಗೂ ಹರಿಯಿತು. ಗಾಬರಿಯಲ್ಲಿ ಬೆರಳು ಬಾಯಿಗೆ ಹೋಯಿತು. ಸೇಬಿನ ಹುಳಿ, ಅದರ ಹಿಂದೆಯೇ ಜೇನಿನಂಥ ಘಮ. ಎಷ್ಟು ಸಲ ಬೆರಳು ಚೀಪಿದೆ ಎಂದು ಕೇಳಬೇಡಿ. ಮಿಕ್ಕಿದ್ದು ಮೋರಿಗೆ.

ಸಂಜೆ ತಾತ ಬಂದಾಗ, ತಾನಾಗೇ ಬಿರಡೆ ಹಾರಿ ಎಲ್ಲ ಚೆಲ್ಲಿಹೋಯಿತೆಂದೆ. "ಹೋಗ್ಲಿ ಬಿಡು, ನಿಂಗೇನೂ ತಗಲಲಿಲ್ಲ ತಾನೆ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ತಾಯಿಗೆ ಕಾಗದ ಬರೆಯಬೇಕಲ್ಲ. ಚೆಲ್ಲಿತೆಂದರೆ ಆಕೆ ನೊಂದುಕೊಂಡಾರೆಂದು ತಾತ, "ನನ್ನ ಹೆಂಡತಿಗೆ ಬಹಳ ರುಚಿಸಿತು" ಎಂದು ಇಂಗ್ಲಿಷಿನಲ್ಲಿ ಬರೆದು, ನನಗೆ ಕನ್ನಡದಲ್ಲಿ ಹೇಳಿ, ತಲೆ ತಗ್ಗಿಸಿದರು. ಅದು ಸುಳ್ಳಲ್ಲ, ನಿಜ ಎಂದು ನಾನು ಆಗಲೇ ಹೇಳಿದ್ದರೆ ಇಬ್ಬರೂ ಸೇರಿ ನಗಬಹುದಿತ್ತು.

ಆಮೇಲೆ ಯಾರಾದರೂ ತಾತನ ಪ್ರಾಮಾಣಿಕತೆಯನ್ನು ಹೊಗಳಿದರೆ, "ಇಲ್ಲಪ್ಪ, ಒಂದ್ಸಲ ಸುಳ್ಳು ಬರೆದಿದೀನಿ," ಎನ್ನುತ್ತಿದ್ದರು, ಕೊನೆಯವರೆಗೂ. ನಾನು ಹಾಲು ಉಕ್ಕೀತೆಂದು ಎದ್ದು ಒಳಗೆ ಹೋಗುತ್ತಿದ್ದೆ. ಒಲೆಯ ಮೇಲೆ ಹಾಲು ಇರುತ್ತಲೇ ಇರಲಿಲ್ಲ.