ಕೂದಲೆಳೆ ಕಾಲುವೆಯ ಕಾಫಿ

ಬಣ್ಣದ ನೀರು ಮುಗಿದದ್ದೇ ಎಲ್ಲಕ್ಕೂ ಮೂಲ.

ಸೋಮವಾರಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ನರ್ಮದಾ ಅಂಚೆಚೀಟಿಯಷ್ಟಗಲದ ಪಾರದರ್ಶಕ ಚಿಪ್ ಒಂದನ್ನು ಮಾಡಿದ್ದಳು. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ. ಅಷ್ಟು ಇಕ್ಕಟ್ಟಿನಲ್ಲಿ ಎರಡು ದ್ರವ ಬಿಟ್ಟರೆ ಮಾತುಬಿಟ್ಟ ಓರಗಿತ್ತಿಯರ ಹಾಗೆ ಪಕ್ಕಪಕ್ಕದಲ್ಲೇ ಹೋಗುತ್ತವೆ, ಬೆರೆಯುವುದಿಲ್ಲ. ಬೆರೆಸಲೆಂದೇ ಅವಳು ಕಾಲುವೆಯ ತಳದಲ್ಲಿ ಕಬ್ಬಿಣದ ಪುಡಿ ಬೆರೆಸಿದ ಮೆತ್ತನೆಯ ಪಾಲಿಮರ್ ರೋಮಗಳನ್ನು ನೆಟ್ಟಿದ್ದಳು. ಕೆಳಗೆ ಅಯಸ್ಕಾಂತ ತಿರುಗಿಸಿದರೆ ಅವು ಗಾಳಿಗೆ ಸಿಕ್ಕ ಪೈರಿನಂತೆ ಬಾಗಿ ಕಲಕಬೇಕು. ಮೂರು ತಿಂಗಳು ಅಲುಗದ ರೋಮಗಳು ಆ ಬೆಳಿಗ್ಗೆ ಬಾಗಿದವು! ಹಳದಿ ನೀರು, ನೀಲಿ ನೀರು ಸೇರಿ ಹಸಿರಾಯಿತು. ಆ ಖುಷಿಯಲ್ಲಿ ನರ್ಮದಾಳಿಗೆ ತಿಂಡಿಯೂ ಸೇರಲಿಲ್ಲ.

ಮೂರು ಗಂಟೆಗೆ ಆಡಳಿತ ಮಂಡಳಿಯ ಅಧ್ಯಕ್ಷರು, ಕಾಫಿತೋಟದ ಕಲ್ಲೇಶಪ್ಪನವರು ಬರುವವರಿದ್ದರು. ಅವರು ಮೆಚ್ಚಿದರೆ ಹಳೆಯ ಸ್ಟೋರ್‌ರೂಮು ಅವಳ ಪ್ರಯೋಗಶಾಲೆಗೆ; ಇಲ್ಲವಾದರೆ ಕಬಡ್ಡಿ ಮ್ಯಾಟುಗಳಿಗೆ.

ಸುದ್ದಿ ಕೇಳಿ ಇಡೀ ಸ್ಟಾಫ್‌ರೂಮೇ ನುಗ್ಗಿತು. ಕನ್ನಡ ವಿಭಾಗದ ಉಷಾರಾಣಿ ಇನ್ನೊಂದು ಸಲ, ಇನ್ನೊಂದು ಸಲ ಎಂದು ಐದು ಸಲ ನೋಡಿದಳು. ಎರಡೂವರೆಗೆ ಬಣ್ಣ ಖಾಲಿ.

“ಅಷ್ಟಕ್ಯಾಕ್ರೀ ಮುಖ ಸಪ್ಪಗೆ? ಹಾಲು, ಡಿಕಾಕ್ಷನ್ ಇಲ್ವಾ?” ಎಂದವಳೂ ಅವಳೇ.

ನರ್ಮದಾ ಹಿರಿಹಿರಿ ಹಿಗ್ಗಿದಳು. ಸ್ಟಾಫ್‌ರೂಮಿಗೆ ಕಾಫಿ ಮಾಡುವ ರಂಗಮ್ಮನಿಗೆ, ಕಾಲುವೆಗೆ ದ್ರವ ತಳ್ಳುವ ಪಂಪಿನ ಪೆಟ್ಟಿಗೆಯಲ್ಲಿರುವ ಎರಡು ಪುಟ್ಟ ಬಾಟಲಿಗಳಲ್ಲಿ ಒಂದಕ್ಕೆ ಹಾಲು, ಇನ್ನೊಂದಕ್ಕೆ ಡಿಕಾಕ್ಷನ್ ತುಂಬಿ ಪೆಟ್ಟಿಗೆ ಮುಚ್ಚಲು ಹೇಳಿ, ಅಧ್ಯಕ್ಷರನ್ನು ಎದುರುಗೊಳ್ಳಲು ಗೇಟಿಗೆ ಓಡಿದಳು.

ಕಲ್ಲೇಶಪ್ಪನವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ನರ್ಮದಾ ಪಂಪು ಹಾಕಿ ಅಯಸ್ಕಾಂತ ತಿರುಗಿಸಿದಳು.

“ಕಾಫಿ,” ಎಂದರು ಅವರು. “ಅಲ್ಲಮ್ಮ, ಕಲಸೋದು ನಮ್ಮನೇಲಿ ಚಮಚಾನೂ ಮಾಡ್ತದೆ. ಒಂದೇ ಪೈಪಲ್ಲಿ ಹಾಲೂ ಡಿಕಾಕ್ಷನ್ನೂ ಬೆರೀದೆ ಹೋಗ್ಲಿ ನೋಡಣ. ಅಂಥದ್ದಿದ್ರೆ ರೂಮಿನ ಬೀಗದ ಕೈ ಈಗ್ಲೇ ಕೊಡ್ತೀನಿ.” ಬೀಗದ ಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು.

ನರ್ಮದಾ ಕುಣಿಯುವುದೊಂದು ಬಾಕಿ. ಬೆರೆಯುವುದಿಲ್ಲವೆಂದೇ ಅಲ್ಲವೇ ಅವಳು ಮೂರು ತಿಂಗಳು ಅತ್ತದ್ದು! ಈಗಲೇ ತೋರಿಸುತ್ತೇನೆಂದು ಅಯಸ್ಕಾಂತವನ್ನು ಕಿತ್ತು ದೂರವಿಟ್ಟಳು. ಅಧ್ಯಕ್ಷರು ಮತ್ತೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ಕಾಫಿನೇ.”

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಎರಡು ಬಾಟಲಿಯಲ್ಲೂ ಒಂದೇ ಕಂದುಬಣ್ಣ.

ಬಾಗಿಲಲ್ಲಿದ್ದ ರಂಗಮ್ಮ ಸೆರಗು ಸರಿಮಾಡಿಕೊಂಡಳು. “ತೋಟದ ಯಜಮಾನ್ರ ಮುಂದೆ ಕಲಸ್ದೇ ಇರೋ ಕಾಫಿ ಇಡಕ್ಕಾಗ್ತದಾ ಮೇಡಂ? ನಾನೇ ಕಲಸಿ ಎರಡಕ್ಕೂ ಸಮ ಹುಯ್ದೆ. ಸಕ್ಕರೇನೂ ಹಾಕಿದೀನಿ.”

ಕಲ್ಲೇಶಪ್ಪನವರು ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

“ನಂಗೊಂದು ಕಾಫಿ ಕೊಡು ರಂಗಮ್ಮ,” ಎಂದರು. “ಲೋಟದಲ್ಲಿ.”