ಇದ್ದಿಲು ಇಂಜಿನ್ನು: ನಿಂತರೆ ಕಷ್ಟ, ಓಡಿದರೆ ನಷ್ಟ

ಇದ್ದಿಲಿನ ಗ್ಯಾಸಿನಿಂದ ಓಡೋ ಇಂಜಿನ್ನು ನೋಡ್ಕೊಳ್ಳೋನ ಬದುಕಲ್ಲಿ ದಿನಾ ಒಂದಲ್ಲ ಒಂದು ತಮಾಷೆ ಆಗ್ತಾನೇ ಇರುತ್ತೆ. ನಗೋದು ಊರಿನವರು, ಬೆವರೋದು ನಾನು, ಅಷ್ಟೇ ವ್ಯತ್ಯಾಸ.

ಯುದ್ಧದ ಕಾಲ. ಎಣ್ಣೆ ಸಿಗದೆ, ಬೆಸಗರಹಳ್ಳಿ ಕಡೆಯ ನಮ್ಮ ಸಾಹುಕಾರ್ರು ಹಿಟ್ಟಿನ ಮಿಲ್ಲಿಗೆ ಈ ಇಂಜಿನ್ ಹಾಕಿಸಿದ್ರು. ದೊಡ್ಡ ಪೀಪಾಯಿಯಲ್ಲಿ ಇದ್ದಿಲು ಉರಿಸ್ಬೇಕು, ಅದರ ಗ್ಯಾಸು ಇಂಜಿನ್ನಿಗೆ ಹೋಗ್ಬೇಕು. ನಾನು ಮದ್ದೂರಿನ ಮೆಕ್ಯಾನಿಕ್ಕು, ಊರಿಗೆಲ್ಲ ಸಾಬಣ್ಣ. ಇದ್ದಿಲ ಬೆಲೆ ಏರ್ತಾ ಏರ್ತಾ ಸಾಹುಕಾರ್ರ ಮುಖ ಇಳೀತಾ ಬಂತು. “ಯುಗಾದಿ ಹೊತ್ಗೆ ಲಾಭ ಕಾಣ್ಲಿಲ್ವೋ, ಮಂಡ್ಯಕ್ಕೆ ಸಾಗಿಸಿ ಮಾರ್ಬುಡ್ತೀನಿ ಕಣಪ್ಪ” ಅಂದ್ರು. ಮನೇಲಿ ಹೆಂಡತಿ ಬಸುರಿ. ಇಂಜಿನ್ ಹೋದ್ರೆ ನನ್ನ ಅನ್ನವೂ ಹೋಯ್ತು. ನಂಗೆ ನಿಜವಾಗ್ಲೂ ಹೆದರಿಕೆ ಆಯ್ತು.

ಶಬ್ದ

ಉರಿ ಹದಕ್ಕೆ ಬರೋಕೆ ಬಹಳ ಹೊತ್ತು ಬೇಕು. ಇದ್ದಿಲು ದಂಡ ಆಗ್ಬಾರ್ದು ಅಂತ ಸಾಹುಕಾರ್ರು, “ರಾಗಿ ಬರೋಗಂಟ ಹಚ್ಬೇಡ” ಅಂದ್ರು. ಹೆಂಗಸರೋ, ಇಂಜಿನ್ನಿನ ಟುಕ್‌ಟುಕ್ ಕೇಳದೆ ಮನೆಯಿಂದ ಹೊರಡೋರಲ್ಲ. ನಾವು ಅವರನ್ನ ಕಾದ್ವಿ, ಅವರು ನಮ್ಮನ್ನ ಕಾದ್ರು. ಕೊನೆಗೆ ಸಾಕಾಗಿ ಸಾಹುಕಾರ್ರೇ ಖಾಲಿ ಎಣ್ಣೆ ಡ್ರಮ್ಮು ಇಟ್ಕೊಂಡು ಟುಕ್‌ಟುಕ್ ಅಂತ ಬಾರಿಸೋಕೆ ಕೂತ್ರು. ಊರೇ ಪುಟ್ಟಿ ಹೊತ್ಕೊಂಡು ಬಂತು. ಮುಂದಿದ್ದ ಹೆಂಗಸು ಒಳಗೆ ಇಣುಕಿ ನೋಡಿ, “ಅಯ್ಯೋ, ಇಂಜಿನ್ ತಣ್ಣಗೈತೆ, ಸಾವ್ಕಾರ್ರು ಬೆವರ್ತಾವ್ರೆ! ಇವ್ರನ್ನೇ ಬೀಸೋ ಕಲ್ಲಿಗೆ ಕಟ್ಬುಡು ಸಾಬಣ್ಣ, ಇದ್ದಿಲಾದ್ರೂ ಉಳೀತದೆ!” ಅಂದ್ಲು.

ಬಿಸಿನೀರು

ಇಂಜಿನ್ನು ತಣ್ಣಗಿಡೋಕೆ ಹಾಯಿಸೋ ನೀರು ಕಾದು ಮೋರಿಗೆ ಹೋಗ್ತಿತ್ತು. ಅದನ್ನ ನೋಡಿ ಸಾಹುಕಾರ್ರಿಗೆ ಹೊಟ್ಟೆ ಉರೀತು. ಮಿಲ್ಲಿನ ಹಿಂದೆ ತೆಂಗಿನ ಗರಿಯ ಮರೆ ಕಟ್ಟಿಸಿ, ರಾಗಿ ಬೀಸಿಸಿದೋರಿಗೆ ಸ್ನಾನ ಪುಕ್ಕಟೆ ಅಂತ ಸಾರಿದ್ರು. ಗಿರಾಕಿ ಹೆಚ್ಚಿದ್ದೂ ನಿಜ. ಮಂಡಿನೋವಿನ ಅಜ್ಜಿಯೊಬ್ಬಳು ಒಂದಿನ ಮರೆಯೊಳಗಿಂದಲೇ ಕೂಗಿದ್ಲು.

“ನೀರು ಬರೀ ಉಗುರುಬೆಚ್ಚಗೈತೆ ಕಣ್ಲಾ ಸಾಬಣ್ಣ!”

“ಇವತ್ತು ಕಲ್ಲಿಗೆ ಕೆಲಸ ಕಮ್ಮಿ ಅಜ್ಜಿ. ಭಾರ ಬಿದ್ರೆ ತಾನೆ ಇಂಜಿನ್ ಕಾಯೋದು?”

ಅಜ್ಜಿ ತಕ್ಷಣ ಸೊಸೇನ ಕೂಗಿ, “ಓಗವ್ವ, ಇನ್ನೊಂದು ಪುಟ್ಟಿ ರಾಗಿ ತಕಬಾ. ನನ್ ಬೆನ್ನಿಗೆ ನೀರು ಉಯ್ಯೋದು ಇನ್ನೂ ಉಳಕಂಡದೆ!” ಅಂದ್ಲು.

ದೀಪ

ಆದ್ರೂ ಲಾಭ ಕಾಣ್ಲಿಲ್ಲ. ಸಾಹುಕಾರ್ರು ಕೊನೇ ಆಟ ಅಂತ ಒಂದು ಹಳೇ ಡೈನಮೋ ತಂದು ಇಂಜಿನ್ನಿಗೆ ಜೋಡಿಸಿ, ಪಕ್ಕದ ಮನೆ ಗೌಡ್ರ ಮಗಳ ಮದುವೆ ಚಪ್ಪರಕ್ಕೆ ಕರೆಂಟು ದೀಪ ಕೊಡೋಕೆ ಒಪ್ಕೊಂಡ್ರು. “ಇದು ಗೆದ್ರೆ ಇಂಜಿನ್ ಇರ್ತದೆ. ಕೆಟ್ರೆ ನಾಳೇನೇ ಗಾಡಿ ಕಟ್ಟಿಸ್ತೀನಿ” ಅಂದ್ರು.

ತೊಡಕು ಏನಂದ್ರೆ, ಬರೀ ದೀಪದ ಭಾರ ಆ ಇಂಜಿನ್ನಿಗೆ ಸಾಲದು. ಭಾರ ಕಮ್ಮಿಯಾದ್ರೆ ಉರಿ ಸೊರಗಿ ಇಂಜಿನ್ ನಿಂತೇಹೋಗುತ್ತೆ. ಹಾಗಾಗಿ ಜೊತೇಲಿ ಕಲ್ಲೂ ತಿರುಗ್ತಿರ್ಬೇಕು. ಸಂಜೆ ವರಪೂಜೆ ಶುರುವಾಗೋ ಹೊತ್ತಿಗೆ ಸರಿಯಾಗಿ ಮಿಲ್ಲಲ್ಲಿದ್ದ ರಾಗಿಯೆಲ್ಲ ಮುಗೀತು. ಚಪ್ಪರದಲ್ಲಿ ದೀಪ ಮಿಣುಕ್ ಮಿಣುಕ್ ಅಂತು.

“ಗೌಡ್ರೇ, ಕಾಳು ಕಳ್ಸಿ! ಇಲ್ದಿದ್ರೆ ದೀಪ ಹೋಯ್ತು!” ಅಂತ ಕಿರುಚಿದೆ.

ಬೀಗರ ಮುಂದೆ ಗೌಡ್ರಿಗೆ ಮಾನದ ಮಾತು. “ಏನಾರ ಸುರೀರ್ಲಾ, ದೀಪ ಆರ್ಬಾರ್ದು!” ಅಂದ್ರು. ಆಳುಗಳು ಕೈಗೆ ಸಿಕ್ಕ ಮೂಟೆ ತಂದು ಸುರಿದ್ರು. ದೀಪ ಝಗ್ ಅಂತು. ಬೀಗರು ಭಲೇ ಅಂದ್ರು.

ಪೂಜೆ ಮುಗೀತಿದ್ದ ಹಾಗೆ ಅಡಿಗೆಯವನು ಓಡಿಬಂದ. “ಗೌಡ್ರೇ, ಅನ್ನಕ್ಕಿಟ್ಟಿದ್ದ ಅಕ್ಕಿ ಒಂದು ಕಾಳೂ ಇಲ್ಲ!” ಎಲ್ಲಾ ಹಿಟ್ಟಾಗಿ ಕೂತಿತ್ತು. ಸಾಹುಕಾರ್ರು ನನ್ನ ಕಡೆ ನೋಡಿದ್ರು. ಯಾ ಅಲ್ಲಾ, ಕೆಲಸ ಹೋಯ್ತು ಅಂದ್ಕೊಂಡೆ.

ಹೆಂಗಸರೆಲ್ಲ ಸೆರಗು ಸಿಕ್ಕಿಸ್ಕೊಂಡು ರೊಟ್ಟಿ ತಟ್ಟೋಕೆ ಕೂತ್ರು. ಬಿಸಿಬಿಸಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬೀಗರಲ್ಲಿ ಹಿರಿಯರಾದ ಬಸರಾಳಿನ ಯಜಮಾನ್ರು ಎಲೆ ಬಳಿದು ತಿಂದು, ಸಾಹುಕಾರ್ರನ್ನ ಕರೆದ್ರು.

“ಮುಂದಿನ್ ತಿಂಗ್ಳು ನನ್ ಕಿರೀಮಗಂದು ಮದ್ವೆ. ಹಿಟ್ಟೆಲ್ಲ ನಿಮ್ ಇಂಜಿನ್ನಿಂದ್ಲೇ ಬರ್ಬೇಕು. ರೊಟ್ಟಿ ಇಂಗೇ ಇರ್ಬೇಕು!”

“ದೀಪ ಸ್ವಾಮಿ?”

“ದೀಪ ಯಾರಿಗ್ಬೇಕು ಬುಡಿ, ಪಂಜು ಅವೆ.”

ಪಕ್ಕದಲ್ಲಿದ್ದ ಇನ್ನಿಬ್ಬರು ಬೀಗರೂ ತಮ್ಮನೆ ಮದುವೆಗೂ ಹಿಟ್ಟು ಬೇಕಂದ್ರು. ಸಾಹುಕಾರ್ರು ಎದ್ದು ಬಂದು ನನ್ನ ಬೆನ್ನು ತಟ್ಟಿದ್ರು.

“ಇಂಜಿನ್ ಮಾರಲ್ಲ ಕಣಪ್ಪ ಸಾಬಣ್ಣ. ಆ ಬಲ್ಬುಗಳ್ನ ಮಾರ್ಬುಡು.”